42ರಿಂದ 44 ಮಿಲಿಮೀಟರ್: ಮಹಾಪಧಮನಿ ನಿಜಕ್ಕೂ ಬೆಳೆದಿದೆಯೇ? ಎಂಆರ್‌ಐ ಅಳತೆಯನ್ನು ಓದುವ ಬಗೆ

[ಪರದೆಯಲ್ಲಿ: ಅಕ್ಕಪಕ್ಕ ಇಟ್ಟ ಎರಡು ರಿಪೋರ್ಟುಗಳು. ಒಂದರಲ್ಲಿ 42, ಇನ್ನೊಂದರಲ್ಲಿ 44.]

ನಮಸ್ಕಾರ. ಒಬ್ಬರ ಕೈಯಲ್ಲಿ ಎರಡು ಎಂಆರ್‌ಐ ರಿಪೋರ್ಟುಗಳಿವೆ ಎಂದು ಭಾವಿಸೋಣ. ಆರೋಹಿ ಮಹಾಪಧಮನಿಯ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ (ಅಯೋರ್ಟಾ) ಮೇಲಕ್ಕೇರುವ ಭಾಗದ, ವ್ಯಾಸ ಕಳೆದ ವರ್ಷ 42 ಮಿ.ಮೀ. ಇತ್ತು, ಈ ವರ್ಷ 44 ಮಿ.ಮೀ. ಆಗಿದೆ. ಇದನ್ನು ಕಂಡ ಮನೆಯವರೆಲ್ಲ ಗಾಬರಿಯಾಗುವುದು ಸಹಜ. ಆದರೆ ರಕ್ತನಾಳವು ಎರಡು ಮಿಲಿಮೀಟರ್ ಹಿಗ್ಗಿದೆಯೋ, ಇಲ್ಲವೇ ಅಳೆದ ರೀತಿ ಎರಡು ಮಿಲಿಮೀಟರ್ ಬದಲಾಗಿದೆಯೋ ಎಂಬುದನ್ನು ಈ ಎರಡು ಅಂಕಿಗಳಷ್ಟೇ ಹೇಳಲಾರವು. ಅದನ್ನು ತಿಳಿಯಬೇಕಾದರೆ ಆ ಅಂಕಿಗಳು ಹೇಗೆ ಹುಟ್ಟಿದವು ಎಂಬುದನ್ನು ನೋಡಬೇಕು.

ಹೃದಯದ ಎಡ ಹೃತ್ಕುಕ್ಷಿಯಿಂದ ಹೊರಡುವ ಮಹಾಪಧಮನಿಯು ಮೊದಲು ಮೂರು ಉಬ್ಬುಗಳಿರುವ ಬುಡವಾಗಿ ಆರಂಭವಾಗಿ, ಮೇಲಕ್ಕೇರಿ, ಕಮಾನಿನಂತೆ ಬಾಗಿ, ಬೆನ್ನೆಲುಬಿನ ಪಕ್ಕದಲ್ಲಿ ಕೆಳಗಿಳಿದು ಹೊಟ್ಟೆಯನ್ನು ತಲುಪುತ್ತದೆ. ನಾಳ ಹಿಗ್ಗಿದಷ್ಟೂ, ರಕ್ತದ ಒತ್ತಡ ಅಷ್ಟೇ ಇದ್ದರೂ, ಅದರ ಗೋಡೆಯ ಮೇಲೆ ಬೀಳುವ ಬಿಗಿತ ಹೆಚ್ಚುತ್ತದೆ. ಗೋಡೆ ತೆಳುವಾದರಂತೂ ಆ ಬಿಗಿತ ಮತ್ತಷ್ಟು ಏರುತ್ತದೆ. ಕೊನೆಗೊಮ್ಮೆ ಗೋಡೆಯ ಒಳಪದರ ಹರಿದು ರಕ್ತವು ಪದರಗಳ ನಡುವೆ ನುಗ್ಗಬಹುದು. ಡೈಸೆಕ್ಷನ್ ಎಂದು ವೈದ್ಯರು ಕರೆಯುವ ಈ ಸ್ಥಿತಿ ಪ್ರಾಣಾಪಾಯದ್ದು. ಅದಕ್ಕೆ ಮೊದಲೇ ಶಸ್ತ್ರಚಿಕಿತ್ಸೆ ಮಾಡಬೇಕೇ ಎಂಬ ನಿರ್ಧಾರದಲ್ಲಿ ವ್ಯಾಸಕ್ಕೆ ದೊಡ್ಡ ಪಾತ್ರವಿದೆ. ಸಾಮಾನ್ಯವಾಗಿ 55 ಮಿ.ಮೀ. ಗಡಿಯೆಂದು ಪರಿಗಣಿಸಲಾಗುತ್ತದೆ. ಮಾರ್ಫಾನ್ ಸಿಂಡ್ರೋಮ್ ಎಂಬ, ರಕ್ತನಾಳದ ಗೋಡೆಯನ್ನೂ ದುರ್ಬಲಗೊಳಿಸುವ ಆನುವಂಶಿಕ ಕಾಯಿಲೆ ಇರುವವರಲ್ಲಿ ಆ ಗಡಿ 50ಕ್ಕೆ ಇಳಿಯುತ್ತದೆ, ಅಪಾಯ ಹೆಚ್ಚಿಸುವ ಇತರ ಸಂಗತಿಗಳಿದ್ದರೆ ಇನ್ನೂ ಕೆಳಗಿಳಿಯುತ್ತದೆ.

ವ್ಯಾಸದ ಜೊತೆಗೆ ಬೆಳವಣಿಗೆಯ ವೇಗವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಹೃದ್ರೋಗ ಸಂಘಟನೆಗಳು 2022ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಬುಡ ಅಥವಾ ಆರೋಹಿ ಭಾಗವು ಸತತ ಎರಡು ವರ್ಷ ವರ್ಷಕ್ಕೆ 3 ಮಿ.ಮೀ. ಅಥವಾ ಹೆಚ್ಚು ಬೆಳೆದರೆ, ಇಲ್ಲವೇ ಒಂದೇ ವರ್ಷದಲ್ಲಿ 5 ಮಿ.ಮೀ. ಅಥವಾ ಹೆಚ್ಚು ಬೆಳೆದರೆ, ವ್ಯಾಸ ಗಡಿಯನ್ನು ಮುಟ್ಟದಿದ್ದರೂ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಎದೆಯನ್ನು ತೆರೆಯಬೇಕೇ ಬೇಡವೇ ಎಂಬುದು ಮೂರು ಮಿಲಿಮೀಟರಿನ ಮೇಲೆ ನಿಂತಿರುವಾಗ, ಆ ಮೂರು ಮಿಲಿಮೀಟರ್ ನಿಜವೇ ಎಂದು ಕೇಳದೆ ಮುಂದುವರಿಯುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

[ಪರದೆಯಲ್ಲಿ: ಓರೆಯಾಗಿ ಕತ್ತರಿಸಿದ ಸೌತೆಕಾಯಿಯ ಬಿಲ್ಲೆ, ಪಕ್ಕದಲ್ಲಿ ನೇರವಾಗಿ ಕತ್ತರಿಸಿದ ಬಿಲ್ಲೆ.]

ತಪ್ಪಿನ ಮೊದಲ ಮೂಲ ಕೋನ. ಸೌತೆಕಾಯಿಯನ್ನು ನೇರವಾಗಿ ಕತ್ತರಿಸಿದರೆ ದುಂಡನೆಯ ಬಿಲ್ಲೆ ಸಿಗುತ್ತದೆ, ಓರೆಯಾಗಿ ಕತ್ತರಿಸಿದರೆ ಉದ್ದನೆಯ ಬಿಲ್ಲೆ ಸಿಗುತ್ತದೆ. ಮಹಾಪಧಮನಿ ದೇಹದೊಳಗೆ ನೆಟ್ಟಗೆ ನಿಂತಿಲ್ಲ. ಆದ್ದರಿಂದ ದೇಹಕ್ಕೆ ಅಡ್ಡಲಾಗಿ ತೆಗೆದ ಚಿತ್ರದ ಮೇಲೆಯೇ ಗೆರೆ ಎಳೆದರೆ ಹಲವು ಕಡೆ ನಾಳವನ್ನು ಓರೆಯಾಗಿ ಅಳೆದಂತಾಗುತ್ತದೆ. ನಿಜವಾದ ವ್ಯಾಸ 40 ಮಿ.ಮೀ. ಇರುವ ನಾಳವನ್ನು 30 ಡಿಗ್ರಿ ಓರೆಯಾಗಿ ಅಳೆದರೆ 46 ಮಿ.ಮೀ. ಎಂಬ ಉತ್ತರ ಬರುತ್ತದೆ. ರೋಗವಿಲ್ಲದೆಯೇ ಆರು ಮಿಲಿಮೀಟರ್ ಹೆಚ್ಚಾಯಿತು!

ಇದಕ್ಕೆ ಪರಿಹಾರ ಕಂಪ್ಯೂಟರಿನ ಮುಂದೆ ಕುಳಿತ ರೇಡಿಯಾಲಜಿಸ್ಟರ ಕೈಯಲ್ಲಿದೆ. ಮೂರು ಆಯಾಮಗಳ ಚಿತ್ರವನ್ನು ತೆರೆದು, ಒಂದು ಸಮತಲವನ್ನು ನಾಳದ ಉದ್ದಕ್ಕೆ ಹೊಂದಿಸಿ, ಎರಡನೆಯದನ್ನು ಅದಕ್ಕೆ ಲಂಬವಾಗಿ ತಿರುಗಿಸಿ, ಅದನ್ನೂ ನಾಳದ ಉದ್ದಕ್ಕೆ ಸರಿಪಡಿಸಿದ ಬಳಿಕ, ಮೂರನೆಯ ಕಿಟಕಿಯಲ್ಲಿ ನಾಳದ ನಿಜವಾದ ಅಡ್ಡಕೊಯ್ತ ಕಾಣಿಸುತ್ತದೆ. ಕೊಯ್ತವು ಆರೋಹಿ ಭಾಗದಲ್ಲಿ ಬಹುಮಟ್ಟಿಗೆ ದುಂಡಾಗಿಯೇ ಇರುತ್ತದೆ. ಬುಡದಲ್ಲಿ ಮಾತ್ರ ಮೂರು ಉಬ್ಬುಗಳ ಕಾರಣ ಎಲ್ಲಿಂದ ಎಲ್ಲಿಗೆ ಗೆರೆ ಎಳೆಯಬೇಕೆಂಬ ಪ್ರಶ್ನೆ ಏಳುತ್ತದೆ. ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿಗೆ ಅಳೆದರೆ ಬರುವ ಸಂಖ್ಯೆಯು, ಉಬ್ಬಿನಿಂದ ಎದುರಿನ ಸಂಧಿಗೆ (ಉಳಿದೆರಡು ಉಬ್ಬುಗಳು ಕೂಡುವ ಜಾಗಕ್ಕೆ) ಅಳೆದಾಗ ಬರುವುದಕ್ಕಿಂತ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್ ದೊಡ್ಡದಾಗಿರುತ್ತದೆ. ಹೋದ ಸಲ ಒಬ್ಬರು ಒಂದು ರೀತಿ, ಈ ಸಲ ಇನ್ನೊಬ್ಬರು ಇನ್ನೊಂದು ರೀತಿ ಅಳೆದಿದ್ದರೆ, ಕಾಗದದ ಮೇಲೆ ಬೆಳವಣಿಗೆ ಕಾಣುತ್ತದೆ, ನಾಳದಲ್ಲಿ ಇರುವುದಿಲ್ಲ.

ಗೋಡೆಯ ವಿಷಯದಲ್ಲೂ ಇದೇ ಕಥೆ. ರಕ್ತ ಬೆಳ್ಳಗೆ ಹೊಳೆಯುವ ಚಿತ್ರಗಳಲ್ಲಿ ಒಳಅಂಚಿನಿಂದ ಒಳಅಂಚಿಗೆ ಅಳೆಯುವುದು ರೂಢಿ. ರಕ್ತವನ್ನು ಕಪ್ಪಾಗಿ ತೋರಿಸುವ ಚಿತ್ರಗಳಲ್ಲಿ ಗೋಡೆಯೇ ಎದ್ದು ಕಾಣುವುದರಿಂದ ಹೊರಅಂಚಿನಿಂದ ಅಳೆಯುವ ಆಸೆ ಬರುತ್ತದೆ. ಗೋಡೆಯ ದಪ್ಪ ಎರಡು ಮಿಲಿಮೀಟರಿನ ಆಸುಪಾಸಿನಲ್ಲಿರುವುದರಿಂದ, ಎರಡೂ ಬದಿ ಸೇರಿ ಮೂರು ನಾಲ್ಕು ಮಿಲಿಮೀಟರುಗಳ ವ್ಯತ್ಯಾಸ ಬರಬಹುದು. ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ, ಪದ್ಧತಿಯೇ ಬೇರೆ. ಅಲ್ಲಿ ಮುಂಚೂಣಿಯ ಅಂಚಿನಿಂದ ಮುಂಚೂಣಿಯ ಅಂಚಿಗೆ, ಅಂದರೆ ಒಂದು ಬದಿಯ ಗೋಡೆಯನ್ನು ಸೇರಿಸಿಕೊಂಡು ಅಳೆಯುತ್ತಾರೆ. ಆದ್ದರಿಂದ ಕಳೆದ ವರ್ಷದ ಎಕೋ ಅಂಕಿಯನ್ನು ಈ ವರ್ಷದ ಎಂಆರ್‌ಐ ಅಂಕಿಯೊಂದಿಗೆ ಕಳೆದು ಕೂಡಿ ಬೆಳವಣಿಗೆಯ ಲೆಕ್ಕ ಹಾಕುವುದು ಎಚ್ಚರವಿಲ್ಲದ ಕೆಲಸ.

[ಪರದೆಯಲ್ಲಿ: ಬಡಿಯುತ್ತಿರುವ ಹೃದಯದ ಎಂಆರ್‌ಐ ಚಲನಚಿತ್ರ, ಕೆಳಗೆ ಇಸಿಜಿ ಗೆರೆ.]

ಮಹಾಪಧಮನಿಯ ಬುಡ ಸುಮ್ಮನೆ ನಿಂತಿರುವುದಿಲ್ಲ ಎಂಬುದು ಮುಂದಿನ ತೊಡಕು. ಪ್ರತಿ ಬಡಿತಕ್ಕೂ ಅದು ಕೆಳಕ್ಕೆ ಜಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಹೃದಯ ಸಂಕುಚಿಸಿದಾಗ ನಾಳ ಹಿಗ್ಗುತ್ತದೆ, ಎಳೆಯರಲ್ಲಿ ಈ ಹಿಗ್ಗುವಿಕೆ ಎರಡು ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚಿರಬಹುದು. ಆದ್ದರಿಂದ ಇಸಿಜಿಯ ತಾಳಕ್ಕೆ ಹೊಂದಿಸಿ, ಹೃದಯ ಸಡಿಲಗೊಳ್ಳುವ ಹಂತದ ಕೊನೆಯಲ್ಲಿ ಚಿತ್ರ ತೆಗೆದು ಅಳೆಯುವುದು ಒಪ್ಪಿತ ಪದ್ಧತಿ. ರಕ್ತನಾಳ ಎದ್ದು ಕಾಣುವಂತೆ ಮಾಡುವ ಗ್ಯಾಡೊಲಿನಿಯಂ ಔಷಧ ಚುಚ್ಚಿ ತೆಗೆಯುವ ಆಂಜಿಯೋಗ್ರಫಿಯು ಇಸಿಜಿಗೆ ಹೊಂದಿಸದೆ ನಡೆದಿದ್ದರೆ ಬುಡದ ಅಂಚು ಮಸುಕಾಗಿರುತ್ತದೆ. ಅಂಥ ಚಿತ್ರದಲ್ಲಿ ಬುಡವನ್ನು ಅಳೆಯುವುದೆಂದರೆ ಊಹಿಸಿದಂತೆಯೇ. ಕಮಾನು ಮತ್ತು ಅವರೋಹಿ (ಕೆಳಗಿಳಿಯುವ) ಭಾಗಕ್ಕೆ ಅದೇ ಚಿತ್ರ ಸಾಕಾಗಬಹುದು.

ಔಷಧವಿಲ್ಲದೆಯೂ ಒಳ್ಳೆಯ ಅಳತೆ ಸಾಧ್ಯ ಎಂಬುದು ಎಂಆರ್‌ಐಯ ದೊಡ್ಡ ಅನುಕೂಲ. ರಕ್ತವನ್ನು ತಾನಾಗಿಯೇ ಬೆಳ್ಳಗೆ ತೋರಿಸುವ ಮೂರು ಆಯಾಮದ ಚಿತ್ರಣವನ್ನು, ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಿನ) ಚಲನೆಯನ್ನು ಗಮನಿಸುತ್ತಾ, ರೋಗಿ ಸಹಜವಾಗಿ ಉಸಿರಾಡುತ್ತಿರುವಾಗಲೇ ಕೆಲವು ನಿಮಿಷಗಳಲ್ಲಿ ತೆಗೆಯಬಹುದು. ಮೂತ್ರಪಿಂಡ ತೀರಾ ದುರ್ಬಲವಾಗಿರುವವರಿಗೆ ಮತ್ತು ಗ್ಯಾಡೊಲಿನಿಯಂ ಬಳಕೆಯನ್ನು ಸಾಮಾನ್ಯವಾಗಿ ತಪ್ಪಿಸಬೇಕಾದ ಗರ್ಭಿಣಿಯರಿಗೆ ಇದು ಬಹಳ ಮುಖ್ಯ. ಸಿ.ಟಿ. ಸ್ಕ್ಯಾನಿನಲ್ಲಿರುವಂಥ ಎಕ್ಸ್‌ರೇ ವಿಕಿರಣವೂ ಇದರಲ್ಲಿ ಇಲ್ಲ. ಮಾರ್ಫಾನ್ ಅಥವಾ ಟರ್ನರ್ ಸಿಂಡ್ರೋಮ್ (ಹೆಣ್ಣುಮಕ್ಕಳಲ್ಲಿ ಹುಟ್ಟಿನಿಂದಲೇ ಬರುವ ವರ್ಣತಂತುವಿನ ದೋಷ) ಇರುವ ಹದಿನೈದು ವರ್ಷದ ಮಗುವಿಗೆ ಜೀವನಪೂರ್ತಿ ಸ್ಕ್ಯಾನ್ ಬೇಕಾಗುವಾಗ ಈ ಒಂದು ಗುಣವೇ ಸಾಕು, ಆಯ್ಕೆ ಎಂಆರ್‌ಐಯತ್ತ ವಾಲಲು. ಹಿಂದೆ ಶಸ್ತ್ರಚಿಕಿತ್ಸೆಯಾಗಿ ಎದೆಮೂಳೆಗೆ ಹಾಕಿದ ತಂತಿಗಳು ಅಥವಾ ಲೋಹದ ಕವಾಟವಿದ್ದರೆ ಮಾತ್ರ ಅವುಗಳ ಅಕ್ಕಪಕ್ಕದಲ್ಲಿ ಚಿತ್ರ ಕಪ್ಪಾಗಿ ಅಳತೆ ಕೆಡಬಹುದು.

ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು. ಇದ್ದಕ್ಕಿದ್ದಂತೆ ಎದೆಯಲ್ಲೋ ಬೆನ್ನಿನಲ್ಲೋ ಹರಿದುಹೋಗುವಂಥ ತೀವ್ರ ನೋವು ಬಂದರೆ ಎಂಆರ್‌ಐಗೆ ಕಾಯುವ ಹೊತ್ತಲ್ಲ ಅದು. ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು, ಅಲ್ಲಿ ನಿಮಿಷಗಳಲ್ಲಿ ಮುಗಿಯುವ ಸಿ.ಟಿ.ಯೇ ಸಾಮಾನ್ಯವಾಗಿ ಮೊದಲ ಆಯ್ಕೆ. ವ್ಯಾಸ ಗಡಿಗಿಂತ ಕಡಿಮೆ ಇದೆ ಎಂಬ ಕಾರಣಕ್ಕೆ ಇಂಥ ನೋವನ್ನು ಕಡೆಗಣಿಸುವಂತಿಲ್ಲ. ಆರೋಹಿ ಭಾಗದ ಡೈಸೆಕ್ಷನ್ ಆದವರ ಅಂತರರಾಷ್ಟ್ರೀಯ ನೋಂದಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ವ್ಯಾಸ 55 ಮಿ.ಮೀ.ಗಿಂತ ಕಡಿಮೆಯೇ ಇತ್ತು.

ಹಾಗಾದರೆ 42 ಮತ್ತು 44ರ ಪ್ರಶ್ನೆಗೆ ಬರೋಣ. ಈ ಚಿತ್ರಗಳ ಒಂದೊಂದು ಘನಬಿಂದುವೇ (ಮೂರು ಆಯಾಮದ ಚಿತ್ರದ ಅತಿ ಚಿಕ್ಕ ತುಣುಕು, ವೋಕ್ಸೆಲ್) ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮಿಲಿಮೀಟರ್ ಅಗಲ ಇರುತ್ತದೆ. ಒಬ್ಬರೇ ಎರಡು ಸಲ ಅಳೆದರೂ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಆಗುವುದುಂಟು. ಹಿಗ್ಗಿದ ಆರೋಹಿ ಮಹಾಪಧಮನಿಯಾದರೋ ಬಹುಪಾಲು ಜನರಲ್ಲಿ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಅಳತೆಯ ಅನಿಶ್ಚಿತತೆಯು ವರ್ಷದ ನಿಜವಾದ ಬೆಳವಣಿಗೆಗಿಂತ ದೊಡ್ಡದಾಗಿರುವಾಗ, ಎರಡು ಮಿಲಿಮೀಟರಿನ ವ್ಯತ್ಯಾಸವೊಂದನ್ನೇ ಹಿಡಿದು ನಾಳ ಬೆಳೆದಿದೆ ಎನ್ನಲಾಗದು, ಬೆಳೆದಿಲ್ಲ ಎಂದು ನೆಮ್ಮದಿಯಾಗಿ ಕೂರಲೂ ಆಗದು. ಆಗ ಮಾಡಬೇಕಾದ ಕೆಲಸವೆಂದರೆ ಹಳೆಯ ಮತ್ತು ಹೊಸ ಚಿತ್ರಗಳೆರಡನ್ನೂ ಒಂದೇ ಪರದೆಯ ಮೇಲೆ ತೆರೆದು, ಶ್ವಾಸಕೋಶದ ಬಲ ಅಪಧಮನಿಯ ಮಟ್ಟದಂಥ ಒಂದೇ ಗುರುತಿನಲ್ಲಿ, ಒಂದೇ ಬಗೆಯ ಅಂಚಿನಿಂದ, ಒಬ್ಬರೇ ಮತ್ತೊಮ್ಮೆ ಅಳೆಯುವುದು. ಹಳೆಯ ರಿಪೋರ್ಟಿನ ಸಂಖ್ಯೆಯನ್ನು ನಂಬಿ ಹೊಸದನ್ನು ಮಾತ್ರ ಅಳೆಯುವುದು ಸಮಯ ಉಳಿಸುತ್ತದೆ, ಆದರೆ ಬೆಳವಣಿಗೆಯ ಲೆಕ್ಕಕ್ಕೆ ಅದು ತಕ್ಕದ್ದಲ್ಲ.

ವ್ಯಕ್ತಿಯ ಎತ್ತರವೂ ಮಾತಿಗೆ ಬರಬೇಕು. 45 ಮಿ.ಮೀ. ವ್ಯಾಸದ ನಾಳದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 15.9 ಚದರ ಸೆಂಟಿಮೀಟರ್. ಅದನ್ನು ಮೀಟರಿನಲ್ಲಿ ಹೇಳಿದ ಎತ್ತರದಿಂದ ಭಾಗಿಸಿದರೆ, 180 ಸೆಂ.ಮೀ. ಎತ್ತರದವರಿಗೆ 8.8, 150 ಸೆಂ.ಮೀ. ಎತ್ತರದವರಿಗೆ 10.6 ಬರುತ್ತದೆ. ಸರಾಸರಿಗಿಂತ ಸಾಕಷ್ಟು ಗಿಡ್ಡ ಅಥವಾ ಎತ್ತರ ಇರುವವರಲ್ಲಿ ಈ ಅನುಪಾತ 10 ದಾಟಿದರೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುವುದು ಸಮಂಜಸವೆಂದು 2022ರ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಗಿಡ್ಡನೆಯ ಮೈಕಟ್ಟಿನ ಹೆಣ್ಣುಮಕ್ಕಳು ಅನೇಕರಿದ್ದಾರೆ. ಅವರ ರಿಪೋರ್ಟಿನಲ್ಲಿ ಎತ್ತರವನ್ನೇ ಬರೆಯದೆ ವ್ಯಾಸವನ್ನಷ್ಟೇ ಬರೆದರೆ ಅಪಾಯ ಕಡಿಮೆಯೆಂಬ ತಪ್ಪು ತಿಳಿವಳಿಕೆ ಉಂಟಾಗಬಹುದು.

[ಪರದೆಯಲ್ಲಿ: ಕವರಿನಲ್ಲಿರುವ ಸಿ.ಡಿ., ಅದರ ಮೇಲೆ ಸ್ಕ್ಯಾನಿನ ದಿನಾಂಕ.]

ನೋಡುಗರು ಮಾಡಬಹುದಾದದ್ದು ಇಷ್ಟು. ಸಾಧ್ಯವಾದಷ್ಟೂ ಒಂದೇ ಕೇಂದ್ರದಲ್ಲಿ, ಒಂದೇ ವಿಧಾನದಲ್ಲಿ ಸ್ಕ್ಯಾನ್ ಮಾಡಿಸಿಕೊಳ್ಳಿ. ಯಾವ ಮಟ್ಟದಲ್ಲಿ, ಯಾವ ಅಂಚಿನಿಂದ, ಹೃದಯಬಡಿತದ ಯಾವ ಹಂತದಲ್ಲಿ ಅಳೆದಿದ್ದಾರೆ ಎಂಬುದು ರಿಪೋರ್ಟಿನಲ್ಲಿ ಇದೆಯೇ ನೋಡಿ, ಇಲ್ಲದಿದ್ದರೆ ಸಂಕೋಚವಿಲ್ಲದೆ ಕೇಳಿ. ಫಿಲ್ಮಿನ ಹಾಳೆಯ ಮೇಲೆ ಯಾರೂ ನಾಳವನ್ನು ತಿರುಗಿಸಿ ಅಳೆಯಲಾರರು, ಆದ್ದರಿಂದ ಪ್ರತಿ ಸಲವೂ ಮೂಲ ಚಿತ್ರಗಳಿರುವ ಸಿ.ಡಿ. ಕೇಳಿ ಪಡೆದು, ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲೂ ಇಟ್ಟುಕೊಳ್ಳಿ. ಮುಂದಿನ ಸ್ಕ್ಯಾನಿಗೆ ಹೋಗುವ ದಿನವೇ ಅದನ್ನು ಒಯ್ದು, ಹೊಸ ರಿಪೋರ್ಟ್ ಬರೆಯುವ ಮೊದಲೇ ರೇಡಿಯಾಲಜಿಸ್ಟರಿಗೆ ತಲುಪುವಂತೆ ಕೌಂಟರಿನಲ್ಲಿ ಕೊಡಿ.