ಬನ್ನಿ ಎಂಬ ಎರಡಕ್ಷರದ ಅಚ್ಚು

ಕೇಳುಗ ಬಂಧುಗಳಿಗೆ ನಮಸ್ಕಾರ.

ದಸರೆಗೆ ಇನ್ನೂ ಆರು ವಾರಗಳಿರುವಾಗಲೇ ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆಗಳ ಹಾಸು ಬೀಳುತ್ತದೆ. ಶನಿವಾರ ಮಧ್ಯಾಹ್ನ ದಾದರಿನಿಂದ ಲೋಕಲ್ ಹಿಡಿದು ನನ್ನ ಗೆಳತಿ ಬರುತ್ತಾಳೆ. ಅವಳ ಚೀಲದಲ್ಲಿ ಎರಡು ದೊಡ್ಡ ಬಿಳಿ ರಬ್ಬರು, ತುದಿ ಇಂಗ್ಲಿಷಿನ ವಿ ಅಕ್ಷರದಂತಿರುವ ಒಂದು ಸಣ್ಣ ಉಳಿ, ಬಟರ್ ಪೇಪರ್, ಬಂಗಾರದ ಬಣ್ಣದ ಶಾಯಿಯ ಪ್ಯಾಡು, ಜೊತೆಗೆ ನನಗೆಂದು ಶೇಂಗಾ ಹೋಳಿಗೆಯ ಒಂದು ಡಬ್ಬಿ ಇರುತ್ತವೆ. ಅವಳು ವಿಜಯಪುರದವಳು, ನಾನು ಉಡುಪಿಯ ಕಡೆಯವಳು. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯೊಂದರಲ್ಲಿ ಅಕ್ಕಪಕ್ಕದ ತರಗತಿಗಳಲ್ಲಿ ಪಾಠ ಹೇಳಿ ನಿವೃತ್ತರಾದ ನಾವಿಬ್ಬರು, ಹಬ್ಬದ ಶುಭಾಶಯದ ಕಾರ್ಡುಗಳನ್ನು ರಬ್ಬರಿನ ಅಚ್ಚಿನಿಂದ ನಾವೇ ಮಾಡಿ ಪರಿಚಿತರಿಗೆ ಅಂಚೆಯಲ್ಲಿ ಕಳುಹಿಸುವ ಕೆಲಸವನ್ನು ಕೆಲವು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇವೆ. ಆ ಕೆಲಸದ ಕುರಿತು ಇಂದು ನಿಮ್ಮೊಡನೆ ಮಾತನಾಡಲು ಬಂದಿದ್ದೇನೆ.

ಕಚೇರಿಯಲ್ಲಿ ನಾವು ಇದನ್ನು ಠಸ್ಸೆ ಎನ್ನುತ್ತೇವೆ, ಮೊಹರು ಎನ್ನುತ್ತೇವೆ. ಇಲ್ಲಿನ ಮರಾಠಿಯಲ್ಲಿ ಅದು ಶಿಕ್ಕಾ. ನಮಗೆ ಮಾತ್ರ ಅಚ್ಚು ಎಂಬ ಮಾತೇ ಹಿಡಿಸಿತು, ಏಕೆಂದರೆ ಅದರಲ್ಲಿ ಬೆಲ್ಲವೂ ಇದೆ, ಚಕ್ಕುಲಿಯೂ ಇದೆ, ಪುಸ್ತಕವೂ ಇದೆ.

ಮೊದಲ ವರ್ಷ ನಾವು ಅಚ್ಚನ್ನು ಹೊರಗೆ ಮಾಡಿಸಲು ಹೋದೆವು. ಈಗ ರಬ್ಬರ್ ಸ್ಟಾಂಪು ಮಾಡುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ದ್ರವದಿಂದ ಅಕ್ಷರಗಳನ್ನು ಎಬ್ಬಿಸುತ್ತಾರೆ, ಇಲ್ಲವೇ ಲೇಸರ್ ಕಿರಣದಿಂದ ರಬ್ಬರನ್ನು ಕೊರೆಯುತ್ತಾರೆ. ‘ಹಬ್ಬದ ಶುಭಾಶಯಗಳು’ ಎಂದು ದುಂಡಗೆ ಬರೆದ ಚೀಟಿಯನ್ನು ಅಂಗಡಿಯವನಿಗೆ ಕೊಟ್ಟು ಬಂದೆವು. ಮರುದಿನ ಕೈಗೆ ಬಂದ ಅಚ್ಚಿನಲ್ಲಿ, ಬಕಾರದ ಕೆಳಗೆ ಇರಬೇಕಾದ ಒತ್ತು ಮೇಲಕ್ಕೆದ್ದು, ಪಕ್ಕದಲ್ಲಿ ಪೂರ್ಣಾಕ್ಷರವಾಗಿ ನಿಂತಿತ್ತು. ಆತನಿಗೆ ಕನ್ನಡ ಓದಲು ಬಾರದು; ಆತನ ಗಣಕಯಂತ್ರಕ್ಕೆ ನಮ್ಮ ಒತ್ತಕ್ಷರವನ್ನು ಕೂಡಿಸಲು ಬಾರದು. ಕೂಡಿಸಿ ತೋರಿಸಿದರೂ ವ್ಯತ್ಯಾಸವೇನೆಂದು ಆತನಿಗೆ ಕಾಣಲಿಲ್ಲ. ಸೇವೆಯುದ್ದಕ್ಕೂ ಮಕ್ಕಳ ಕಾಪಿಪುಸ್ತಕಗಳಲ್ಲಿ ಒತ್ತಕ್ಷರಗಳನ್ನೇ ತಿದ್ದಿದ ನಮಗೆ ಆ ಅಚ್ಚನ್ನು ಕಾರ್ಡಿನ ಮೇಲೆ ಒತ್ತಲು ಮನಸ್ಸಾಗಲಿಲ್ಲ. ದೂರದೂರಿನಲ್ಲಿ ತನ್ನ ಭಾಷೆಯನ್ನು ಉಳಿಸಿಕೊಂಡವರಿಗೆ ಆ ಭಾಷೆಯಲ್ಲಿ ಹಬ್ಬದ ಮಾತು ಕಳುಹಿಸುವಾಗ ಅಕ್ಷರ ತಪ್ಪಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಬಿಡಿ ಅಕ್ಷರಗಳ ಅಚ್ಚಿನ ಪೆಟ್ಟಿಗೆಯನ್ನು ತರಬಹುದಲ್ಲ ಎಂದು ಕೆಲವರು ಕೇಳಿದರು. ಇಂಗ್ಲಿಷಿಗೆ ಅದು ಸಾಧ್ಯ. 26 ತುಂಡುಗಳನ್ನು ಇಟ್ಟುಕೊಂಡರೆ ಯಾವ ಮಾತನ್ನಾದರೂ ಕೂಡಿಸಬಹುದು. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ, 34 ವ್ಯಂಜನಗಳಿಗೆ ತಲಕಟ್ಟು, ಇಳಿ, ಗುಡಿಸು, ಕೊಂಬುಗಳೆಲ್ಲ ಸೇರಿದರೆ ಗುಣಿತಾಕ್ಷರಗಳೇ 400ನ್ನು ದಾಟುತ್ತವೆ, ಒತ್ತುಗಳು ಬೇರೆ. ಆದುದರಿಂದ ಕನ್ನಡದಲ್ಲಿ ಅಕ್ಷರವನ್ನಲ್ಲ, ಇಡೀ ಮಾತನ್ನೇ ಕೊರೆಯಬೇಕು. ಹಾಗಾದರೆ ಆ ಮಾತು ಚಿಕ್ಕದಾಗಿರಬೇಕು ಮತ್ತು ವರ್ಷ ವರ್ಷವೂ ಒತ್ತಿದರೂ ಸವೆಯದ ಅರ್ಥವುಳ್ಳದ್ದಾಗಿರಬೇಕು. ಯಾವ ಮಾತು ಎಂದು ನಾನು ಯೋಚಿಸುತ್ತಿರುವಾಗ ಗೆಳತಿ ತಟ್ಟನೆ ಹೇಳಿದಳು: “ಬನ್ನಿ ಅಂತ ಕೊರಿಯೂಣು. ಎಲಿನೂ ಆತು, ಕರಿಯೋದೂ ಆತು.”

ಅವಳ ಊರಿನಲ್ಲಿ ವಿಜಯದಶಮಿಯ ಸಂಜೆ ಜನರು ಬನ್ನಿಯ ಎಲೆಯನ್ನು ಒಬ್ಬರಿಗೊಬ್ಬರು ಕೊಟ್ಟು, “ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ” ಎನ್ನುತ್ತಾರೆ. ಕಿರಿಯರು ಎಲೆ ಕೊಟ್ಟು ಹಿರಿಯರ ಕಾಲಿಗೆರಗುತ್ತಾರೆ. ಮುಂಬಯಿಯಲ್ಲಿ ನಮ್ಮ ಮರಾಠಿ ನೆರೆಯವರು ಅದೇ ದಿನ ಆಪ್ಟಾ ಎಲೆಯನ್ನು ಕೊಟ್ಟು, “ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ” ಎನ್ನುತ್ತಾರೆ. ಬಂಗಾರ ತೆಗೆದುಕೊಳ್ಳಿ, ಬಂಗಾರದಂತೆ ಇರಿ. ಎರಡು ಭಾಷೆಗಳಲ್ಲಿ ಆಡುವ ಒಂದೇ ಮಾತು ಇದು. ಆದರೆ ಹಬ್ಬದ ಹಿಂದಿನ ದಿನ ದಾದರಿನ ಹೂವಿನ ಮಾರುಕಟ್ಟೆಗೆ ಹೋದವರು ಕೊಂಬೆ ಸಮೇತ ಕಡಿದು ತಂದ ಆಪ್ಟಾದ ರಾಶಿಯನ್ನೂ, ಹಬ್ಬದ ಮರುದಿನ ಅದೇ ಎಲೆಗಳು ಬೀದಿಯಲ್ಲಿ ತುಳಿತಕ್ಕೆ ಸಿಕ್ಕಿರುವುದನ್ನೂ ನೋಡಿದ್ದಾರೆ. ಎಲೆಯನ್ನು ಒಮ್ಮೆ ರಬ್ಬರಿನಲ್ಲಿ ಕೊರೆದುಕೊಂಡರೆ ಮರದ ತಂಟೆಗೆ ಹೋಗದೆ ನೂರು ಜನರಿಗೆ ಬಂಗಾರ ಹಂಚಬಹುದು ಎಂದು ನಮಗೆ ತೋಚಿತು. ಪುಸ್ತಕದ ನಡುವೆ ಒಣಗಿಸಿಟ್ಟಿದ್ದ ಒಂದು ಆಪ್ಟಾ ಎಲೆಯೇ ನಮ್ಮ ಮಾದರಿ. ಅದು ಮಂದಾರದ ಬಳಗಕ್ಕೆ ಸೇರಿದ್ದು: ಒಂದೇ ತೊಟ್ಟಿನಿಂದ ಎರಡು ದುಂಡು ಹಾಳೆಗಳು ಜೋಡಿಯಾಗಿ ಅರಳಿದಂತಿರುತ್ತದೆ, ನರಗಳು ಬುಡದಿಂದ ಬೀಸಣಿಗೆಯಂತೆ ಹರಡಿರುತ್ತವೆ.

ಇನ್ನು ಕೊರೆಯುವ ಬಗೆಯನ್ನು ಹೇಳುತ್ತೇನೆ. ಬಟರ್ ಪೇಪರಿನ ಮೇಲೆ 6ಬಿ ಪೆನ್ಸಿಲಿನಿಂದ ‘ಬನ್ನಿ’ ಎಂದು ದಪ್ಪವಾಗಿ ಬರೆಯುತ್ತೇವೆ. ಬರೆದ ಮಗ್ಗುಲನ್ನು ಕೆಳಗೆ ಮಾಡಿ ರಬ್ಬರಿನ ಮೇಲಿಟ್ಟು, ಚಮಚದ ಬೆನ್ನಿನಿಂದ ಮೆಲ್ಲನೆ ಉಜ್ಜಿದರೆ ಅಕ್ಷರ ತಿರುವುಮುರುವಾಗಿ ರಬ್ಬರಿಗೆ ಇಳಿಯುತ್ತದೆ. ತಿರುವುಮುರುವಾದದ್ದು ಕಾಗದದ ಮೇಲೆ ನೆಟ್ಟಗಾಗುತ್ತದೆ. ಆಮೇಲೆ ಅಕ್ಷರವನ್ನು ಉಳಿಸಿ, ಸುತ್ತಲಿನದನ್ನು ತೆಗೆಯಬೇಕು. ಕನ್ನಡದ ಅಕ್ಷರದಲ್ಲಿ ನೇರ ಗೆರೆಯೇ ಅಪರೂಪ. ಬಕಾರದ ಬಳುಕು, ಗುಡಿಸಿನ ಸುರುಳಿ, ನಕಾರದ ಒತ್ತಿನ ಸಣ್ಣ ಕೊಕ್ಕೆ, ಇವುಗಳ ಸುತ್ತ ಉಳಿಯನ್ನು ತಿರುಗಿಸಲು ಹೋದರೆ ಅದು ಜಾರಿ ಗೆರೆಯನ್ನೇ ಕತ್ತರಿಸಿಬಿಡುತ್ತದೆ. ಉಳಿ ಹಿಡಿದ ಕೈ ನಿಂತಲ್ಲೇ ನಿಲ್ಲಬೇಕು, ಎಡಗೈಯಲ್ಲಿರುವ ರಬ್ಬರು ಕುಂಬಾರನ ತಿಗರಿಯಂತೆ ನಿಧಾನವಾಗಿ ತಿರುಗಬೇಕು. ಇದನ್ನು ಕಲಿಯಲು ನಮಗೆ ಮೂರು ರಬ್ಬರುಗಳು ಹೋದವು. ಮತ್ತೊಂದು ಗುಟ್ಟು ಗೆರೆಯ ಬುಡದಲ್ಲಿದೆ. ಹೊಲದ ಬದುವಿನಂತೆ ಗೆರೆಯ ಬುಡ ಅಗಲವಾಗಿದ್ದು ತಲೆ ಕಿರಿದಾಗಿರಬೇಕು. ಬುಡವನ್ನು ಒಳಗೆ ಕೊರೆದುಬಿಟ್ಟರೆ ಒತ್ತಿದಾಗ ಗೆರೆ ವಾಲುತ್ತದೆ, ಹತ್ತು ಕಾರ್ಡಿನೊಳಗೆ ಮುರಿಯುತ್ತದೆ.

ಅಕ್ಷರವನ್ನು ಹಿಂದುಮುಂದಾಗಿ ನೋಡುತ್ತ ಕೂತಾಗ ನನಗೆ ನಮ್ಮ ಕಡೆಯ ಒಂದು ಸಂಗತಿ ನೆನಪಾಗುತ್ತದೆ. ಮಂಗಳೂರಿನ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈಯಲ್ಲಿ ಹೊರತಂದದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆಯೂ ಅಕ್ಷರ ತಿರುವುಮುರುವಾಗಿಯೇ ಇರಬೇಕು. ಅದೇ 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬವರು ಚಿತ್ರಕಾರ ಜಾನ್ ಕಾಲ್ಕಟ್ ಹಾರ್ಸ್ಲಿ ಅವರಿಂದ ಚಿತ್ರ ಬರೆಯಿಸಿ, ಕ್ರಿಸ್ಮಸ್ಸಿನ ಮೊದಲ ಶುಭಾಶಯ ಕಾರ್ಡನ್ನು ಮಾರಾಟಕ್ಕೆ ತಂದರು. ಅದೂ ಕಲ್ಲಚ್ಚಿನದೇ, ಬಣ್ಣ ತುಂಬಿದ್ದು ಕೈಯಿಂದ, ಬೆಲೆ ಒಂದು ಶಿಲ್ಲಿಂಗ್. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದ ಮೇಲೆ ಪತ್ರಗಳು ಹೆಚ್ಚಿ, ಎಲ್ಲರಿಗೂ ಬರೆಯಲು ಕೋಲ್ ಅವರಿಗೆ ಸಮಯವಿಲ್ಲದಾಗಿತ್ತು. ನಮ್ಮ ವಿಷಯದಲ್ಲಿ ಇದು ತಲೆಕೆಳಗಾಗಿದೆ. ಒಂದು ಗುಂಡಿ ಒತ್ತಿದರೆ ನೂರು ಮಂದಿಗೆ ಶುಭಾಶಯ ಹೋಗುವ ಈ ಕಾಲದಲ್ಲಿ, ಸಮಯವನ್ನು ಕೊಡಬೇಕೆಂದೇ ನಾವು ಕಾರ್ಡಿಗೆ ಕೂಡುತ್ತೇವೆ.

ಕಾಗದಕ್ಕಾಗಿ ಕ್ರಾಫರ್ಡ್ ಮಾರುಕಟ್ಟೆಯ ಪಕ್ಕದ ಅಬ್ದುಲ್ ರೆಹಮಾನ್ ಬೀದಿಗೆ ಹೋಗುತ್ತೇವೆ. ಅಲ್ಲಿ 250 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 250 ಗ್ರಾಮು ತೂಗುವ, ದಪ್ಪ ಹಾಳೆಯನ್ನು ಕೊಳ್ಳುವುದಕ್ಕೆ ಒಂದು ಲೆಕ್ಕವಿದೆ. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೆಯ ಒಂದು ಪಾಲು. ಆದ್ದರಿಂದ ಇಡೀ ಹಾಳೆಯನ್ನು ಮಡಿಚಿದ ಕಾರ್ಡು 15 ಗ್ರಾಮಿಗಿಂತ ಹೆಚ್ಚು ತೂಗುತ್ತದೆ, ಲಕೋಟೆ ಸೇರಿದರೆ ಅಂಚೆಯ ಮೊದಲ ಹಂತವಾದ 20 ಗ್ರಾಮನ್ನು ಮೀರುವ ಅಂಜಿಕೆ. ಹಾಳೆಯನ್ನು ಎರಡಾಗಿ ಕತ್ತರಿಸಿ ಮಡಿಚಿದರೆ ಒಂದು ಕಾರ್ಡು 8 ಗ್ರಾಮಿನೊಳಗೆ ನಿಲ್ಲುತ್ತದೆ. ತೀರ ಹತ್ತಿರದವರಿಗೆ ಮಾತ್ರ ಪುಣೆಯ ಕೈಕಾಗದ. ಶಿವಾಜಿನಗರದಲ್ಲಿ 1940ರಲ್ಲಿ ಆರಂಭವಾದ ಕೈಕಾಗದ ಸಂಸ್ಥೆಯಲ್ಲಿ ಹತ್ತಿಬಟ್ಟೆಯ ಚೂರುಗಳನ್ನು ಅರೆದು ಮಾಡಿದ ಆ ಹಾಳೆಯ ಮೈ ತುಸು ಒರಟು. ಸಣ್ಣ ಗೆರೆಗಳು ಅದರ ಮೇಲೆ ತುಂಡುತುಂಡಾಗಿ ಮೂಡುತ್ತವೆ, ದಪ್ಪ ಅಕ್ಷರ ಮಾತ್ರ ಹಣ್ಣಿನಂತೆ ತುಂಬಿ ನಿಲ್ಲುತ್ತದೆ. ಮಡಿಕೆಯ ಜಾಗದಲ್ಲಿ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಮೊದಲೇ ಗೀಟು ಎಳೆದುಕೊಳ್ಳುತ್ತೇವೆ.

ಶಾಯಿಯ ವಿಷಯದಲ್ಲಿ ಅವಸರ ಸಲ್ಲದು. ಕಚೇರಿಯ ನೇರಳೆ ಪ್ಯಾಡಿನ ಶಾಯಿ ಕಾಗದದೊಳಗೆ ಇಂಗಿ, ಕೈಕಾಗದದಲ್ಲಂತೂ ಸುತ್ತಲೂ ಹರಡಿ, ಅಕ್ಷರದ ಅಂಚು ಕಲಸಿಹೋಗುತ್ತದೆ. ಬಿಸಿಲಿಗೆ ಬಣ್ಣವೂ ಮಾಸುತ್ತದೆ. ಪಿಗ್ಮೆಂಟ್ ಶಾಯಿ ಕಾಗದದ ಮೇಲ್ಮೈಯಲ್ಲೇ ನಿಲ್ಲುತ್ತದೆ, ಬಣ್ಣ ಬಹುಕಾಲ ಬಾಳುತ್ತದೆ, ಆದರೆ ಒಣಗಲು ಹೊತ್ತು ಬೇಕು. ಮುಂಬಯಿಯ ಮಳೆಗಾಲ ಬೆನ್ನಿಗಿರುವ ಆ ದಿನಗಳಲ್ಲಿ ಆ ಹೊತ್ತು ಒಂದು ರಾತ್ರಿಯೂ ಆಗಬಹುದು. ಆ ಒದ್ದೆತನವೇ ಒಮ್ಮೊಮ್ಮೆ ಉಪಕಾರಕ್ಕೆ ಬರುತ್ತದೆ. ಎಲೆಯನ್ನು ಒತ್ತಿದ ಕೂಡಲೇ ಅದರ ಮೇಲೆ ಬಂಗಾರದ ಎಂಬಾಸಿಂಗ್ ಪುಡಿಯನ್ನು ಉದುರಿಸಿ, ಉಳಿದದ್ದನ್ನು ಕೊಡವಿ, ಬಿಸಿಗಾಳಿಯ ಗನ್ನಿನಿಂದ ಕಾಯಿಸಬೇಕು. ಮಂಕಾಗಿದ್ದ ಪುಡಿ ಒಂದು ಅಂಚಿನಿಂದ ಕರಗುತ್ತ ಬಂದು, ನೋಡುನೋಡುತ್ತಿದ್ದಂತೆ ಇಡೀ ಎಲೆ ಹೊಳೆಯುವ ಉಬ್ಬಾಗುತ್ತದೆ. ಕೂದಲು ಒಣಗಿಸುವ ಯಂತ್ರ ಈ ಕೆಲಸಕ್ಕೆ ಆಗದು. ಅದರ ಬಿಸಿ ಸಾಲದು, ಗಾಳಿ ಪುಡಿಯನ್ನೇ ಹಾರಿಸುತ್ತದೆ.

ಈ ಕೆಲಸವನ್ನು ಒಬ್ಬರೇ ಮಾಡಬಹುದು. ಆದರೂ ಇಬ್ಬರು ಇದ್ದರೆ ಅದಕ್ಕೊಂದು ಲಯ ಬರುತ್ತದೆ. ನಮ್ಮಲ್ಲಿ ಒಬ್ಬಳದು ಶಾಯಿಯ ಕೈ, ಇನ್ನೊಬ್ಬಳದು ಶುಚಿಯಾದ ಕೈ. ಶಾಯಿಯ ಕೈ ಅಚ್ಚನ್ನು ಅಂಗಾತ ಹಿಡಿದು, ಪ್ಯಾಡಿನಿಂದ ಅದರ ಮೇಲೆ ಮೆಲ್ಲನೆ ತಟ್ಟಿ, ಕಾಗದದ ಮೇಲೆ ನೆಟ್ಟಗೆ ಇಳಿಸಿ, ಅಲುಗಿಸದೆ ಒತ್ತಿ, ನೆಟ್ಟಗೆ ಎತ್ತುತ್ತದೆ. ಶುಚಿಯಾದ ಕೈ ಹಾಳೆಯನ್ನು ಇಡುತ್ತದೆ, ಅಂಚು ಹಿಡಿದು ಎತ್ತುತ್ತದೆ, ದೀವಾನದ ಮೇಲೆ ಹಾಸಿದ ಪತ್ರಿಕೆಯ ಮೇಲೆ ಒಣಗಲು ಸಾಲಾಗಿ ಇರಿಸುತ್ತದೆ. ಯಾವ ಕಾರಣಕ್ಕೂ ಎರಡೂ ಕೆಲಸಗಳಿಗೆ ಒಂದೇ ಕೈ ಹೋಗಬಾರದು. ಇಪ್ಪತ್ತೈದು ಕಾರ್ಡುಗಳಾದ ಮೇಲೆ ನಾವು ಜಾಗ ಬದಲಾಯಿಸುತ್ತೇವೆ. ನಾನು ಅವಸರಪಟ್ಟು ಅಚ್ಚನ್ನು ಅತ್ತಿತ್ತ ವಾಲಿಸಿದರೆ, “ಹಂಗ ಅಳ್ಳಾಡಸಬ್ಯಾಡ, ಅಂಚು ಮೂಡತಾವ” ಎಂದು ಅವಳು ನನ್ನ ಮೊಣಕೈಯನ್ನು ಹಿಡಿಯುತ್ತಾಳೆ. ಎಲೆಯ ಹಿಂದೆ ಎಲೆ ಕಾಣಬೇಕಾದಲ್ಲಿ, ತೆಳು ಕಾಗದದಲ್ಲಿ ಅದೇ ಎಲೆಯನ್ನು ಕತ್ತರಿಸಿ ಮೊದಲ ಅಚ್ಚಿನ ಮೇಲೆ ಮುಚ್ಚಿ, ಶಾಯಿ ಹಚ್ಚದೆಯೇ ಮತ್ತೊಮ್ಮೆ ಒತ್ತುತ್ತೇವೆ. ಉಳಿದ ಶಾಯಿಯಲ್ಲಿ ಮೂಡುವ ಆ ಎರಡನೆಯ ಎಲೆ ಮಸುಕಾಗಿ, ನಿಜವಾಗಿಯೂ ಹಿಂದೆ ಸರಿದು ನಿಂತಂತೆ ತೋರುತ್ತದೆ. ಕೆಲಸ ಮುಗಿದ ಮೇಲೆ ಅಚ್ಚನ್ನು ಒದ್ದೆ ಬಟ್ಟೆಯಿಂದ ಒರೆಸಿ ಕಾಗದದಲ್ಲಿ ಸುತ್ತಿಡಬೇಕು. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಇಂಥ ರಬ್ಬರು ಅದಕ್ಕೆ ಅಂಟಿಕೊಂಡು ಹಾಳಾಗುತ್ತದೆ.

ಕಾರ್ಡುಗಳನ್ನು ಹಾಕಲು ಮನೆಯ ಹತ್ತಿರವೇ ಅಂಚೆ ಡಬ್ಬಿ ಇದ್ದರೂ ನಾವು ಬೋರಿಬಂದರಿನ ದೊಡ್ಡ ಅಂಚೆ ಕಚೇರಿಗೆ ಹೋಗುತ್ತೇವೆ. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ವಿಜಯಪುರದ ಗೋಳಗುಮ್ಮಟವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ, 1913ರಲ್ಲಿ ಪೂರ್ಣಗೊಂಡ ಕಟ್ಟಡ ಅದು. ಗುಮ್ಮಟದ ಕೆಳಗಿನ ವಿಶಾಲ ಸಭಾಂಗಣದಲ್ಲಿ ನಿಂತು ಗೆಳತಿ ಪ್ರತಿ ಸಲವೂ ತಲೆಯೆತ್ತಿ ನೋಡುತ್ತಾಳೆ. ಊರು ಬಿಟ್ಟು ಎಷ್ಟೋ ವರ್ಷಗಳಾದ ಅವಳು ತನ್ನ ಊರಿನ ಹೆಸರಿರುವ ಲಕೋಟೆಗಳನ್ನು ಆ ಗುಮ್ಮಟದ ಕೆಳಗೇ ಅಂಚೆಗೆ ಹಾಕಬೇಕೆಂದು ಬಯಸುವುದು ನನಗೆ ಪೂರ್ತಿಯಾಗಿ ಅರ್ಥವಾಗುತ್ತದೆ.

ಹೋದ ವರ್ಷ ದಸರೆ ಕಳೆದು ನಾಲ್ಕು ದಿನಗಳಾಗಿದ್ದವು. ನಮ್ಮ ಶಾಲೆಯಲ್ಲಿ ನಮಗಿಂತ ಬಹಳ ಹಿರಿಯರಾಗಿದ್ದ, ಈಗ ಮುಲುಂಡಿನಲ್ಲಿ ಮಗನ ಮನೆಯಲ್ಲಿರುವ ಟೀಚರೊಬ್ಬರು ಕೋಲೂರಿಕೊಂಡು, ಮೊಮ್ಮಗಳ ಕೈ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅವರು ಎಲ್ಲಿಗೂ ಹೊರಡದೆ ಬಹಳ ದಿನಗಳಾಗಿದ್ದವು. ನಾನು ಗಾಬರಿಯಿಂದ ಒಳಗೆ ಕರೆದು ಕೂರಿಸಿದಾಗ ಅವರು ಚೀಲದಿಂದ ನಮ್ಮ ಕಾರ್ಡನ್ನು ತೆಗೆದು, “ಬನ್ನಿ ಅಂತ ಬರೆದಿದ್ದೀರಲ್ಲಮ್ಮ, ಅದಕ್ಕೇ ಬಂದೆ” ಎಂದರು. ನಾನು ಫೋನ್ ಮಾಡಿ ಗೆಳತಿಯನ್ನೂ ಕರೆಸಿದೆ. ಚಹಾ ಕುಡಿದ ಮೇಲೆ ಟೀಚರು ಅಚ್ಚನ್ನು ನೋಡಬೇಕೆಂದರು. ಕಾಗದದ ಸುತ್ತು ಬಿಚ್ಚಿ ಕೊಟ್ಟೆ. ಕನ್ನಡಕವನ್ನು ಹಣೆಗೇರಿಸಿ, ತಿರುವುಮುರುವಾಗಿದ್ದ ಅಕ್ಷರಗಳ ಮೇಲೆ ಬೆರಳಾಡಿಸಿ, ಕನ್ನಡ ಮಾತನಾಡಬಲ್ಲ ಆದರೆ ಓದಲಾರದ ಆ ಮೊಮ್ಮಗಳಿಗೆ ಇದು ಬ, ಇದು ನಿ, ಕೆಳಗಿರುವುದು ಒತ್ತು ಎಂದು ತೋರಿಸಿದರು. ಮಗು ಶಾಯಿ ತಟ್ಟಿ ತಾನೇ ಒಂದು ಕಾರ್ಡು ಒತ್ತಿ, ಮೂಡಿದ ಅಕ್ಷರವನ್ನು ಗಟ್ಟಿಯಾಗಿ ಓದಿತು. ಟೀಚರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ನಕಾರದ ಒತ್ತು ತುಸು ದಪ್ಪವಾಯಿತು” ಎಂದರು.

ಈ ವರ್ಷದ ರಬ್ಬರಿನ ಮೇಲೆ ಆ ಒತ್ತನ್ನು ಅರ್ಧ ಗೆರೆಯಷ್ಟು ತೆಳುವಾಗಿ ಬರೆದು ಇಳಿಸಿಕೊಂಡಿದ್ದೇವೆ. ಬರುವ ಶನಿವಾರ ಅದನ್ನು ಕೊರೆಯುತ್ತೇವೆ.

ನಮಸ್ಕಾರ.