ಗಡಸು ನೀರಿಗೆ ಯಾವ ಫಿಲ್ಟರ್?

ಕೇಳುಗರಿಗೆ ನಮಸ್ಕಾರ. ವಿಜಯಪುರದ ಕಡೆ ಬೋರ್ ನೀರು ತುಂಬುವ ಕೊಡದೊಳಗೆ ಬೆರಳಾಡಿಸಿ ನೋಡಿ, ಬಿಳಿ ಪೊರೆ ಒರಟಾಗಿ ಕೈಗೆ ಹತ್ತುತ್ತದೆ. ಅದೇ ನೀರಿಗೆ ತೊಗರಿ ಬೇಳೆ ಹಾಕಿದರೆ ಎಷ್ಟು ಕುದಿಸಿದರೂ ಮೆತ್ತಗಾಗದು. ಎರಡಕ್ಕೂ ಕಾರಣ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಇದನ್ನೇ ಗಡಸುತನ ಎನ್ನುವುದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ.

ಕ್ಯಾಂಡಲ್ ಫಿಲ್ಟರ್ ರಾಡಿ ತಡೆಯುತ್ತದೆ, ಕಾರ್ಬನ್ ವಾಸನೆ ತೆಗೆಯುತ್ತದೆ. ಗಡಸುತನಕ್ಕೆ ಎರಡೂ ಕೆಲಸಕ್ಕೆ ಬಾರವು. ಸಕ್ಕರೆ ನೀರನ್ನು ಅರಿವೆಯಲ್ಲಿ ಸೋಸಿದರೆ ಸಿಹಿ ಹೋದೀತೇ? ಯುವಿ, ಅಂದರೆ ನೇರಳಾತೀತ ಬೆಳಕಿನ ಯಂತ್ರ ರೋಗಾಣು ಕೊಲ್ಲುತ್ತದೆ ನಿಜ, ಆದರೆ ದೀಪದ ಸುತ್ತಲಿನ ಗಾಜಿನ ಕೊಳವೆಗೆ ಇದೇ ಬಿಳಿ ಪೊರೆ ಕಟ್ಟಿದರೆ ಬೆಳಕೇ ನೀರಿಗೆ ತಲುಪದು. ಕುದಿಸಿದರೆ ಬೈಕಾರ್ಬೊನೇಟ್ ಗಡಸು ಮಾತ್ರ ತಳಕ್ಕೆ ಕೂರುತ್ತದೆ, ಸಲ್ಫೇಟ್, ಕ್ಲೋರೈಡ್ ಗಡಸು ಹಾಗೇ ಉಳಿಯುತ್ತದೆ.

ನೀರಿನ ಗಡಸು ತೆಗೆಯುವ ಯಂತ್ರ ಸಾಫ್ಟನರ್. ಅದರೊಳಗಿನ ರೆಸಿನ್ ಎಂಬ ಸಣ್ಣ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಹಾಗಾಗಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಅಳೆಯುವ ಮೀಟರಿನ ಅಂಕಿ ಇಳಿಯುವುದಿಲ್ಲ. ಅದನ್ನು ನೋಡಿ ಅಂಗಡಿಯವರೊಡನೆ ಜಗಳಕ್ಕೆ ನಿಲ್ಲಬೇಡಿ. ಸ್ನಾನ, ಬಟ್ಟೆ, ಗೀಸರಿಗೆ ಇದು ಸರಿ. ರಕ್ತದೊತ್ತಡ ಇದ್ದವರು ಈ ನೀರು ಕುಡಿಯುವ ಮುನ್ನ ವೈದ್ಯರನ್ನು ಕೇಳಲಿ. ಸಾಬೂನು ನೊರೆ ಬರುವುದು ಕಡಿಮೆಯಾದರೆ ರೆಸಿನ್ ದಣಿದಿದೆ ಎಂದರ್ಥ. ಅದನ್ನು ಮತ್ತೆ ಚುರುಕುಗೊಳಿಸಲು ಲೀಟರ್ ನೀರಿಗೆ 100 ಗ್ರಾಂನಂತೆ ಶುದ್ಧ ಉಪ್ಪು ಕರಗಿಸಿ, ಅದರ ಮೂಲಕ ಅರ್ಧ ಗಂಟೆ ನಿಧಾನವಾಗಿ ಹಾಯಿಸಿ, ಉಪ್ಪಿನ ರುಚಿ ಹೋಗುವ ತನಕ ತೊಳೆಯಿರಿ.

ಕುಡಿಯುವ ನೀರಿನ ಗಡಸು ಇಳಿಸುವುದು ಆರ್‌ಒ, ಅಂದರೆ ಒತ್ತಡದಿಂದ ನೀರನ್ನು ಮೆಂಬ್ರೇನ್ ಎಂಬ ಅತಿ ಸೂಕ್ಷ್ಮ ಪದರದ ಮೂಲಕ ಹಾಯಿಸುವ ಯಂತ್ರ. ಕೆಲವು ಊರುಗಳ ಬೋರ್ ನೀರಿನಲ್ಲಿ ಸಿಗುವ ಫ್ಲೋರೈಡನ್ನೂ ಅದು ಬಹುಪಾಲು ತಡೆಯುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಮೂರು ಲೀಟರ್ ಹೊರಹೋಗುವುದುಂಟು. ಅದನ್ನು ಉಳಿಸಲೆಂದು ಆ ನೀರು ಹೊರಹೋಗುವ ಪೈಪನ್ನು ಹಿಂಡಿ ಕಟ್ಟುವವರಿದ್ದಾರೆ. ಕಟ್ಟಬೇಡಿ. ಕ್ಯಾಲ್ಸಿಯಂ ಒಳಗೇ ಗಟ್ಟಿಯಾಗಿ ಮೆಂಬ್ರೇನ್ ಮೇಲೆ ಹರಳುಗಟ್ಟುತ್ತದೆ, ಧಾರೆ ಸಣ್ಣಗಾಗುತ್ತದೆ, ಆಮೇಲೆ ಸಾವಿರಾರು ರೂಪಾಯಿಯ ಮೆಂಬ್ರೇನ್ ಬದಲಿಸಬೇಕು. ಹೊರಬಂದ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸಿ, ಪಾತ್ರೆಯ ಮೊದಲ ತೊಳೆತಕ್ಕೆ ಬಳಸಿ. ಗಿಡಕ್ಕೆ ಮಾತ್ರ ನಿತ್ಯ ಹಾಕಬೇಡಿ, ಮಣ್ಣು ಸವಳಾಗುತ್ತದೆ.

ನಿಮ್ಮ ನಳಕ್ಕೆ ಹೊಳೆಯ ನೀರು ಬರುತ್ತಿದ್ದು ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಆರ್‌ಒ ಬಹುಶಃ ಬೇಡ. ಆದರೆ ನಳದ ನೀರು ತುಂಬುವ ಟಾಕಿಗೇ ಬೋರ್ ನೀರನ್ನೂ ಬಿಡುತ್ತೀರಾ? ಹಾಗಾದರೆ ಪರೀಕ್ಷೆಗೆ ಬಾಟಲಿ ತುಂಬಬೇಕಾದದ್ದು ನಳದಿಂದಲ್ಲ, ಟಾಕಿಯಿಂದ, ಅದೂ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ.