ಹೆಸರು ಹೇಳಿ, ದೇಶವನ್ನು ತೋರಿಸಬೇಡಿ

ವೀಕ್ಷಕ ಬಂಧುಗಳೆಲ್ಲರಿಗೂ ನಮಸ್ಕಾರ. ಕಾಸರಗೋಡಿನ ಈ ಪುಟ್ಟ ಕೋಣೆಯಲ್ಲಿ ಕುಳಿತು ಪ್ರತಿ ಭಾನುವಾರ ಮಾತನಾಡುವಾಗ ನಾನು ಸಾಮಾನ್ಯವಾಗಿ ನಮ್ಮ ಕನ್ನಡ ಶಾಲೆಗಳ, ಬಸ್ಸುಗಳ, ತೋಟಗಳ ಸಂಗತಿಯನ್ನೇ ಎತ್ತಿಕೊಳ್ಳುತ್ತೇನೆ. ಇಂದು ಯುದ್ಧದ ಮಾತು ಆಡಬೇಕಾಗಿ ಬಂದಿದೆ. ಅದಕ್ಕೆ ಕಾರಣ ಬೇಕಲ ಕೋಟೆಯ ಹೊರಗೆ, ಎಳನೀರು ಮಾರುವ ಬೊಂಡದ ಗಾಡಿಯೊಂದರ ಬಳಿ ತೆಗೆದ ನಲವತ್ತು ಸೆಕೆಂಡುಗಳ ಒಂದು ವಿಡಿಯೊ.

ಅದನ್ನು ತೆಗೆಯುವಾಗ ನಾನು ಅಲ್ಲೇ ಇದ್ದೆ. ಪುತ್ತೂರಿನಿಂದ ಬಂದ ನೆಂಟರಿಗೆ ಕೋಟೆ ತೋರಿಸಿ ಹೊರಗೆ ಬಂದಿದ್ದೆ. ಎಪ್ಪತ್ತರ ಆಸುಪಾಸಿನ ವಿದೇಶಿ ದಂಪತಿ ನೆರಳಿನಲ್ಲಿ ನಿಂತಿದ್ದರು. ಬೊಂಡ ಕೆತ್ತುತ್ತಿದ್ದಾತ ಎಲ್ಲರನ್ನೂ ಕೇಳುವ ಹಾಗೆ ಅವರನ್ನೂ ಯಾವ ದೇಶವೆಂದು ಕೇಳಿದ. ಆ ಹೆಂಗಸು ತಟ್ಟನೆ ಉತ್ತರ ಕೊಡಲಿಲ್ಲ. ಗಂಡನ ಮುಖವನ್ನೊಮ್ಮೆ ನೋಡಿ, ಬಳಿಕ ತೀರ ತಗ್ಗಿದ ದನಿಯಲ್ಲಿ ರಷ್ಯಾ ಎಂದರು. ಪಕ್ಕದಲ್ಲಿದ್ದ ಹುಡುಗ ಮೊಬೈಲನ್ನು ಅವರ ಮುಖದ ಹತ್ತಿರ ಹಿಡಿದು, ಉಕ್ರೇನಿನಲ್ಲಿ ನಿಮ್ಮವರು ಮಕ್ಕಳನ್ನು ಕೊಂದರಲ್ಲ, ನಿಮಗೆ ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದ. ಆಕೆಯ ಕೈಯಲ್ಲಿದ್ದ ಬೊಂಡ ಅಲುಗಿ ನೀರು ಸೀರೆಯಂಥ ಮೇಲುಹೊದಿಕೆಯ ಮೇಲೆ ಚೆಲ್ಲಿತು. ಬೊಂಡದಾತ ಮಾತ್ರ, "ಅವರು ಕುಡಿಯಲಿ, ನೀನು ಆಚೆ ಹೋಗು ಮಾರಾಯ" ಎಂದು ಗದರಿದ. ವಿಡಿಯೊದಲ್ಲಿ ಆ ಮಾತನ್ನು ಕತ್ತರಿಸಿ ತೆಗೆದಿದ್ದಾರೆ.

ಕಳೆದ ವಾರದ ಕಂತಿನಲ್ಲಿ ನಾನು ಇದು ತಪ್ಪು ಎಂದು ಎರಡೇ ವಾಕ್ಯ ಹೇಳಿದ್ದೆ. ಅದಕ್ಕೆ ಒಬ್ಬ ಮಹನೀಯರು ಹೀಗೆ ಬರೆದಿದ್ದಾರೆ: "ಯಥಾ ರಾಜಾ ತಥಾ ಪ್ರಜಾ. ಓಟು ಹಾಕಿದವರು, ತೆರಿಗೆ ಕಟ್ಟಿದವರು, ಸುಮ್ಮನಿದ್ದವರು ಎಲ್ಲರೂ ಕೊಲೆಗಡುಕರೇ." ನೂರಾರು ಮಂದಿ ಅದನ್ನು ಮೆಚ್ಚಿದ್ದಾರೆ. ಆ ಮಹನೀಯರಿಗೂ ಮೆಚ್ಚಿದವರಿಗೂ ನನ್ನದೊಂದೇ ಮಾತು: ಹೆಸರು ಹೇಳಿ. ಕೊಂದವನ ಹೆಸರು, ಕೊಲ್ಲೆಂದು ಅಪ್ಪಣೆ ಕೊಟ್ಟವನ ಹೆಸರು, ಅದಕ್ಕೆ ಕಾಗದಪತ್ರ ಸಿದ್ಧಪಡಿಸಿದವನ ಹೆಸರು ಹೇಳಿ. ದೇಶವನ್ನು ತೋರಿಸಿ ಕೈ ತೊಳೆದುಕೊಳ್ಳಬೇಡಿ.

ಹೆಸರು ಹೇಳುವುದು ಸಾಧ್ಯವಿಲ್ಲವೇ? ಉಕ್ರೇನಿನ ಮಕ್ಕಳ ವಿಷಯದಲ್ಲಿಯೇ ಅದು ಸಾಧ್ಯವಾಗಿದೆ. ಆಕ್ರಮಿತ ಪ್ರದೇಶಗಳಿಂದ ಮಕ್ಕಳನ್ನು ಅಕ್ರಮವಾಗಿ ರಷ್ಯಾಕ್ಕೆ ಸಾಗಿಸಿದ ಆರೋಪದ ಮೇಲೆ 2023ರ ಮಾರ್ಚ್ 17ರಂದು ಹೇಗ್‌ನ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಇಬ್ಬರ ಮೇಲೆ ಬಂಧನದ ವಾರಂಟು ಹೊರಡಿಸಿತು. ಒಬ್ಬರು ಅಧ್ಯಕ್ಷ ವ್ಲಾದಿಮಿರ್ ಪುಟಿನ್, ಇನ್ನೊಬ್ಬರು ಮಕ್ಕಳ ಹಕ್ಕುಗಳ ಆಯುಕ್ತೆ ಮರಿಯಾ ಲ್ವೋವಾ-ಬೆಲೋವಾ. ಬೊಂಡ ಕುಡಿಯುತ್ತಿದ್ದ ಮುದುಕಿಯ ಹೆಸರು ಆ ವಾರಂಟಿನಲ್ಲಿ ಇರಲಿಲ್ಲ.

ಇನ್ನು ಸುಭಾಷಿತ. ತಾವು ಅರ್ಧ ಓದಿದ್ದೀರಿ ಮಹನೀಯರೇ. ರಾಜನಂತೆ ಪ್ರಜೆ ಎಂದರೆ ಪ್ರಜೆಗಳು ರಾಜನ ನಡತೆಯನ್ನು ನೋಡಿ ಕಲಿಯುತ್ತಾರೆ, ಆದುದರಿಂದ ರಾಜನೇ ಎಚ್ಚರದಿಂದಿರಬೇಕು ಎಂದರ್ಥ. ಪಾಪ ಯಾರ ತಲೆಗೆ ಎಂಬುದಕ್ಕೆ ಬೇರೆ ಶ್ಲೋಕವೇ ಇದೆ: "ರಾಜಾ ರಾಷ್ಟ್ರಕೃತಂ ಪಾಪಂ, ರಾಜ್ಞಃ ಪಾಪಂ ಪುರೋಹಿತಃ." ರಾಷ್ಟ್ರ ಮಾಡಿದ ಪಾಪ ರಾಜನಿಗೆ, ರಾಜ ಮಾಡಿದ ಪಾಪ ಅವನಿಗೆ ಬುದ್ಧಿ ಹೇಳಬೇಕಾಗಿದ್ದ ಪುರೋಹಿತನಿಗೆ. ಪಾಪವು ಮೇಲಕ್ಕೆ, ಅಧಿಕಾರವಿದ್ದಲ್ಲಿಗೆ ಏರುತ್ತದೆಯೇ ಹೊರತು ಗದ್ದೆಯಲ್ಲಿ ನೇಜಿ ನೆಡುವವರ ಮೇಲೆ ಇಳಿಯುತ್ತದೆಂದು ಹಿರಿಯರು ಹೇಳಲಿಲ್ಲ.

ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದ್ರೌಪದಿಯ ಮಾನಭಂಗದ ಪ್ರಸಂಗದ ತಾಳಮದ್ದಳೆಯಲ್ಲಿ ಪಾತ್ರವಹಿಸಿ ವಾದಿಸುವ ಅರ್ಥಧಾರಿಗಳು ಗಂಟೆಗಟ್ಟಲೆ ಜಗ್ಗಾಡುವುದು ಯಾರ ಮೇಲೆ? ಭೀಷ್ಮನ ಮೇಲೆ, ದ್ರೋಣನ ಮೇಲೆ, ಧೃತರಾಷ್ಟ್ರನ ಮೇಲೆ. ಸಭೆಯಲ್ಲಿ ಆಸನವಿದ್ದು, ಬಾಯಿಯಿದ್ದು, ತಡೆಯುವ ಬಲವಿದ್ದು ತಲೆ ತಗ್ಗಿಸಿದವರು ಅವರು. ಕೌರವರ ಪೈಕಿಯೇ ವಿಕರ್ಣನೊಬ್ಬ ಎದ್ದು ನಿಂತು ಇದು ಅಧರ್ಮ ಎಂದ, ಆ ಕಾರಣಕ್ಕೇ ಅವನ ಹೆಸರನ್ನು ನಾವು ಬೇರೆಯಾಗಿ ನೆನೆಯುತ್ತೇವೆ. ಹಸ್ತಿನಾವತಿಯ ಕುಂಬಾರನಿಗೆ, ಗೊಲ್ಲತಿಗೆ ಅಂದು ಸೆರಗೆಳೆದ ಪಾಪವನ್ನು ಹಂಚಿದ ಅರ್ಥಧಾರಿಯನ್ನು ನಾನು ಇದುವರೆಗೆ ಕೇಳಿಲ್ಲ.

ಓಟಿನ ವಾದವನ್ನು ತೆಗೆದುಕೊಳ್ಳೋಣ. ಜರ್ಮನಿಯ ಉದಾಹರಣೆ ಎಲ್ಲರ ಬಾಯಲ್ಲೂ ಇದೆ. 1932ರ ಜುಲೈಯಲ್ಲಿ ಹಿಟ್ಲರನ ಪಕ್ಷಕ್ಕೆ ಬಿದ್ದ ಮತ ಶೇಕಡ 37.3, ಅದೇ ವರ್ಷ ನವೆಂಬರಿನಲ್ಲಿ ಶೇಕಡ 33.1. ಅವನು ಅಧಿಕಾರಕ್ಕೇರಿ, ವಿರೋಧಿಗಳನ್ನು ಬಡಿದು ಜೈಲಿಗೆ ಹಾಕುತ್ತಿದ್ದ ಹೊತ್ತಿನಲ್ಲಿ ನಡೆದ 1933ರ ಮಾರ್ಚ್ ಚುನಾವಣೆಯಲ್ಲಿ ಕೂಡ ಶೇಕಡ 43.9. ಅದೇ ತಿಂಗಳ 22ರಂದು ತೆರೆದ ಡಾಖಾವ್ ಸೆರೆಶಿಬಿರಕ್ಕೆ ಮೊದಲು ತಳ್ಳಲ್ಪಟ್ಟವರು ಜರ್ಮನರೇ. ಅವರನ್ನೂ ಕೊಲೆಗಡುಕರ ಪಟ್ಟಿಗೆ ಸೇರಿಸುತ್ತೀರಾ? ಹಿಟ್ಲರನ ವಿರುದ್ಧ ಕರಪತ್ರ ಹಂಚಿದ ತಪ್ಪಿಗೆ 1943ರ ಫೆಬ್ರವರಿ 22ರಂದು ತಲೆ ಕೊಟ್ಟ ಸೋಫಿ ಶೋಲ್ ಎಂಬ 21ರ ಹುಡುಗಿಯನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತೀರಿ?

ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗಿನಲ್ಲಿ ನಡೆದ ನಾಜಿ ಮುಖಂಡರ ವಿಚಾರಣೆಯಲ್ಲಿ ದೋಷಾರೋಪ ಹೊತ್ತವರು 24 ಮಂದಿ, ತೀರ್ಪಿಗೆ ಒಳಗಾದವರು 22 ಮಂದಿ. 1946ರ ಅಕ್ಟೋಬರ್ 1ರಂದು 12 ಮಂದಿಗೆ ಮರಣದಂಡನೆ, 7 ಮಂದಿಗೆ ಸೆರೆವಾಸ ವಿಧಿಸಲಾಯಿತು, 3 ಮಂದಿ ಬಿಡುಗಡೆಯಾದರು. ಆ ಮೂವರಿಗಾಗಿ ಸ್ವಲ್ಪ ನಿಲ್ಲಿ. ಹೆಸರು ಹಿಡಿದು ಆರೋಪ ಹೊರಿಸಿದರೆ ಸಾಕ್ಷ್ಯ ಬೇಕಾಗುತ್ತದೆ, ಸಾಕ್ಷ್ಯ ಸಾಲದಿದ್ದರೆ ಬಿಡುಗಡೆಯೂ ಉಂಟು. ಇಡೀ ಜನಾಂಗದ ಮೇಲೆ ಹೊರಿಸಿದ ಆರೋಪಕ್ಕೆ ಸಾಕ್ಷ್ಯವೂ ಇಲ್ಲ, ವಕೀಲನೂ ಇಲ್ಲ, ಬಿಡುಗಡೆ ಎಂಬುದಂತೂ ಎಂದೆಂದಿಗೂ ಇಲ್ಲ. ಹುಟ್ಟಿದ ಮಗು ಕೂಡ ತಪ್ಪಿತಸ್ಥನಾಗಿಯೇ ಹುಟ್ಟಬೇಕು. ಆದುದರಿಂದಲೇ ಮತ್ತೆ ಹೇಳುತ್ತೇನೆ, ಹೆಸರು ಹೇಳಿ.

ತೆರಿಗೆಯ ವಾದ ಇನ್ನೂ ಹೊಲಸಾದುದು. ಅಮೆರಿಕನ್ನರು ತಮ್ಮ ಸರಕಾರವನ್ನು ತಾವೇ ಆರಿಸುತ್ತಾರೆ, ತೆರಿಗೆ ಕಟ್ಟಿ ಅದರ ಬಾಂಬುಗಳಿಗೆ ಹಣ ಒದಗಿಸುತ್ತಾರೆ, ಆದುದರಿಂದ ಅವರಲ್ಲಿ ನಿರಪರಾಧಿಗಳಿಲ್ಲ ಎಂದು 2002ರಲ್ಲಿ ಪತ್ರ ಬರೆದು ವಾದಿಸಿದವನು ಯಾರು ಗೊತ್ತೇ? ಒಸಾಮಾ ಬಿನ್ ಲಾದೆನ್. ನಮ್ಮ ಮಹನೀಯರ ಟಿಪ್ಪಣಿಗೂ ಆ ಪತ್ರಕ್ಕೂ ಇರುವ ವ್ಯತ್ಯಾಸ ಉದ್ದದ್ದು ಮಾತ್ರ. ಬೀಡಿ ಕಟ್ಟಿ ಬಂದ ಹಣದಲ್ಲಿ ಸಾಬೂನು ಕೊಳ್ಳುವ ನಮ್ಮ ಕುಂಬಳೆಯ ಹೆಂಗಸೂ ತೆರಿಗೆ ಕಟ್ಟುತ್ತಾಳೆ. ಆ ಹಣ ಎಲ್ಲೆಲ್ಲಿಗೆ ಹೋಗುತ್ತದೆಂದು ಅವಳನ್ನು ಯಾರಾದರೂ ಕೇಳಿದ್ದಾರೆಯೇ?

ಸುಮ್ಮನಿದ್ದರಲ್ಲ ಎನ್ನುತ್ತೀರಿ. 2022ರ ಮಾರ್ಚ್ 4ರಂದು ರಷ್ಯಾದಲ್ಲಿ ಬಂದ ಕಾನೂನಿನ ಪ್ರಕಾರ ಸೇನೆಯ ಬಗ್ಗೆ ಸರಕಾರಕ್ಕೆ ಸುಳ್ಳೆನಿಸಿದ ಮಾತು ಆಡಿದರೆ 15 ವರ್ಷಗಳವರೆಗೆ ಜೈಲು. ಅದಾಗಿ ಹತ್ತೇ ದಿನಗಳಲ್ಲಿ ಮರಿನಾ ಓವ್ಸ್ಯಾನಿಕೋವಾ ಎಂಬ ಪತ್ರಕರ್ತೆ ಸರಕಾರಿ ಟಿವಿಯ ನೇರ ಪ್ರಸಾರದ ನಡುವೆ ಯುದ್ಧ ಬೇಡವೆಂಬ ಫಲಕ ಹಿಡಿದು ನಿಂತಳು. ಎಲ್ಲರೂ ಅವಳಂತಿರಲಿಲ್ಲ, ನಿಜ. ಆದರೆ ಕಚೇರಿಯ ಕಿಟಕಿಯ ಮುಂದೆ ನಿಂತು ಈ ಅರ್ಜಿ ಕನ್ನಡದಲ್ಲಿ ಕೊಡಿ ಎಂದು ಕೇಳಲು ಹಿಂಜರಿದು, ಮಲಯಾಳದ ಕಾಗದಕ್ಕೇ ರುಜು ಹಾಕಿ ಮನೆಗೆ ಬರುವವರು ನಾವು. ನಮಗೆ ಅಲ್ಲಿ ಜೈಲಿನ ಭಯವೂ ಇಲ್ಲ. ಹಾಗಿದ್ದೂ ಸೋಫಾದ ಮೇಲೆ ಕುಳಿತು ಮಾಸ್ಕೋದ ಮುದುಕಿಯ ಮೌನವನ್ನು ಅಳೆಯುವ ಧೈರ್ಯ ಎಲ್ಲಿಂದ ಬರುತ್ತದೆ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ನ್ಯಾಯವನ್ನು ನಮ್ಮ ನೆಲ ಬಲ್ಲದು. 1784ರಲ್ಲಿ ಟಿಪ್ಪು ಸುಲ್ತಾನನು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಕೆನರಾದ ಕ್ರೈಸ್ತರನ್ನು ಸಮುದಾಯಕ್ಕೆ ಸಮುದಾಯವೇ ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಅಸಂಖ್ಯ. ಉಳಿದವರು ಮರಳಿದ್ದು 1799ರಲ್ಲಿ ಅವನು ಮಡಿದ ಬಳಿಕ. ಬೇಳದಲ್ಲಿದ್ದ ನನ್ನ ಸಹಪಾಠಿಯ ಅಜ್ಜಿ, ಹಲಸಿನ ಹಪ್ಪಳ ತಟ್ಟುತ್ತ, ನಡೆದು ಹೋದವರಲ್ಲಿ ಮೊಲೆ ಕುಡಿಯುವ ಕೂಸುಗಳೂ ಇದ್ದವಂತೆ, ಅವು ಯಾವ ಇಂಗ್ಲಿಷರಿಗೆ ದಾರಿ ತೋರಿಸಿದ್ದವು ಮಗಾ ಎಂದು ನಮ್ಮನ್ನು ಕೇಳುತ್ತಿದ್ದರು. ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಮತ್ತು, ಅದೇ 1784ರ ಲೆಕ್ಕವನ್ನು ಇಂದಿನ ಮುಸ್ಲಿಂ ನೆರೆಯವರಿಂದ ವಸೂಲು ಮಾಡಲು ಹೊರಟವರು ಆ ಅಜ್ಜಿಯ ಪರವಾಗಿ ಮಾತನಾಡುತ್ತಿದ್ದೇವೆಂದು ದಯವಿಟ್ಟು ಹೇಳಿಕೊಳ್ಳಬೇಡಿ. ಅಪ್ಪಣೆ ಕೊಟ್ಟವನಿಗೆ ಹೆಸರಿತ್ತು. ಅದನ್ನು ಹೇಳಿ, ಅಲ್ಲಿಗೆ ನಿಲ್ಲಿ.

1942ರಲ್ಲಿ ಚಳವಳಿ ನಡೆದ ಊರುಗಳ ಮೇಲೆ ಬ್ರಿಟಿಷ್ ಆಡಳಿತ ಸಾಮೂಹಿಕ ದಂಡ ಹೇರಿತು. ಕನ್ನಡದಲ್ಲಿ ಅದಕ್ಕೆ ಪುಂಡುಗಂದಾಯ ಎನ್ನುತ್ತಿದ್ದರು. ತಂತಿ ಕತ್ತರಿಸಿದವನು ಒಬ್ಬ, ದಂಡ ತೆತ್ತವರು ಊರವರು. ನಮ್ಮ ಅಜ್ಜಂದಿರು ಹಲ್ಲು ಕಚ್ಚಿ ಶಪಿಸಿದ ಆ ಕಂದಾಯವನ್ನು ನಾವು ಇಂದು ಮೊಬೈಲು ಹಿಡಿದು ವಸೂಲು ಮಾಡುತ್ತಿದ್ದೇವೆ. ಅದೇ 1942ರ ಜೂನ್ 10ರಂದು ನಾಜಿಗಳು ತಮ್ಮ ಅಧಿಕಾರಿ ಹೈಡ್ರಿಖ್‌ನ ಹತ್ಯೆಗೆ ಪ್ರತೀಕಾರವೆಂದು ಲಿಡಿಸೆ ಎಂಬ ಚೆಕ್ ಹಳ್ಳಿಯಲ್ಲಿ 173 ಗಂಡಸರನ್ನು ನಿಲ್ಲಿಸಿ ಗುಂಡಿಟ್ಟರು, ಹಳ್ಳಿಯನ್ನು ನೆಲಸಮ ಮಾಡಿದರು. ಇಂಥದ್ದಕ್ಕೇ 1949ರ ನಾಲ್ಕನೆಯ ಜಿನೀವಾ ಒಪ್ಪಂದದ 33ನೆಯ ವಿಧಿಯಲ್ಲಿ, ತಾನು ಸ್ವತಃ ಮಾಡದ ಅಪರಾಧಕ್ಕೆ ಯಾರನ್ನೂ ಶಿಕ್ಷಿಸಕೂಡದು ಎಂದು ಬರೆಯಬೇಕಾಯಿತು.

ಗಾಜಾದ ಮಾತು ಬಂದೇ ಬರುತ್ತದೆ, ನಾನು ತಪ್ಪಿಸಿಕೊಳ್ಳುವುದಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್‌ನವರು ಇಸ್ರೇಲಿನ ಬೆಯೆರಿ ಎಂಬ ಊರಲ್ಲಿ ಕೊಂದವರಲ್ಲಿ ವಿವಿಯನ್ ಸಿಲ್ವರ್ ಎಂಬ 74ರ ಹೆಂಗಸಿದ್ದರು. ಶಾಂತಿಗಾಗಿ ಬದುಕು ಸವೆಸಿದವರು, ಗಾಜಾದ ರೋಗಿಗಳನ್ನು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವರು. ಕೊಂದವರು ಹೆಸರು ಕೇಳಲಿಲ್ಲ. ಐದೇ ದಿನಗಳ ಬಳಿಕ ಇಸ್ರೇಲಿನ ಅಧ್ಯಕ್ಷ ಹರ್ಜೋಗ್ ಗಾಜಾದ ಬಗ್ಗೆ, ಅಲ್ಲಿಯ ಇಡೀ ರಾಷ್ಟ್ರವೇ ಹೊಣೆ ಎಂದರು. ನಾಗರಿಕರನ್ನು ಗುರಿ ಮಾಡಬಹುದೆಂದು ತಾನು ಹೇಳಲಿಲ್ಲ ಎಂದು ಬಳಿಕ ಅವರು ವಿವರಿಸಿದರು, ಆದರೆ ಆ ಮಾತು 2024ರ ಜನವರಿ 26ರ ಅಂತಾರಾಷ್ಟ್ರೀಯ ನ್ಯಾಯಾಲಯದ ಆದೇಶದಲ್ಲಿ ದಾಖಲಾಯಿತು. ಮುದ್ದೆಯಾಗಿ ಜನರನ್ನು ನೋಡುವ ಕಣ್ಣಿಗೆ ಮಕ್ಕಳು ಕಾಣಿಸುವುದಿಲ್ಲ. ಎರಡೂ ಕಡೆ ಅದೇ ಕಣ್ಣು.

ಹಾಗಾದರೆ ಪ್ರಜೆಗಳಿಗೆ ಏನೂ ಇಲ್ಲವೇ ಎಂದು ಕೇಳುವವರು ಹೊಣೆಯನ್ನೂ ಅಪರಾಧವನ್ನೂ ಒಂದೇ ತಕ್ಕಡಿಗೆ ಹಾಕುತ್ತಿದ್ದಾರೆ. ನಮ್ಮ ಎಣ್ಮಕಜೆಯ ಕಡೆ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಯಾರೆಂದು ನಮಗೆ ಗೊತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರಕಾರಕ್ಕೆ ಆದೇಶಿಸಿತು. ಆ ಹಣ ಎಲ್ಲಿಯದು? ಕೇರಳದ ಜನರದು, ವಿಷದ ಹನಿಯನ್ನೂ ಮುಟ್ಟದವರದು. ಅವರು ಕೊಡಬೇಕಾದದ್ದೇ, ಆದರೆ ಅವರು ವಿಷ ಸುರಿದವರಲ್ಲ. 1952ರಲ್ಲಿ ಪಶ್ಚಿಮ ಜರ್ಮನಿ ನಾಜಿಗಳ ಪಾಪಕ್ಕೆ ಪರಿಹಾರವಾಗಿ ಇಸ್ರೇಲಿಗೆ 300 ಕೋಟಿ ಮಾರ್ಕು ಕೊಡಲು ಒಪ್ಪಿದ್ದೂ ಹೀಗೆಯೇ. 1970ರಲ್ಲಿ ವಾರ್ಸಾದ ಯಹೂದಿ ಸ್ಮಾರಕದ ಮುಂದೆ ಮೊಣಕಾಲೂರಿದ ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲ್ಲಿ ಬ್ರಾಂಟ್, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಓಡಿ ಅವರ ವಿರುದ್ಧ ದುಡಿದಿದ್ದವರು. ತಪ್ಪು ಮಾಡದವನು ತಾನಾಗಿ ಮಣಿದ ಮೊಣಕಾಲು ಅದು. ಅದನ್ನು ಇನ್ನೊಬ್ಬರ ಕೈಯಿಂದ, ಮೊಬೈಲು ತೋರಿಸಿ, ಮಣಿಸುವಂಥದ್ದಲ್ಲ.

ಜಲಿಯನ್‌ವಾಲಾ ಬಾಗಿನ ಬಳಿಕ ಡಯರನಿಗಾಗಿ ಇಂಗ್ಲೆಂಡಿನಲ್ಲಿ ಪತ್ರಿಕೆಯೊಂದು ನಿಧಿ ಎತ್ತಿತು, 26,000 ಪೌಂಡುಗಳಷ್ಟು ಕೂಡಿತು. ಕೊಟ್ಟವರ ಪರವಾಗಿ ನಾನು ಕ್ಷಮೆ ಕೇಳುತ್ತಿಲ್ಲ, ಕೊಟ್ಟ ಕೈಗಳಿಗೆ ಒಂದೊಂದು ಹೆಸರಿತ್ತು. ಆದರೆ ಪಂಜಾಬಿನ ಸುದ್ದಿಯನ್ನು ಬಯಲಿಗೆಳೆದು ಗಡೀಪಾರಾದ ಬಾಂಬೆ ಕ್ರಾನಿಕಲ್‌ನ ಸಂಪಾದಕ ಹಾರ್ನಿಮನ್ ಕೂಡ ಇಂಗ್ಲಿಷರವರೇ. ಇಬ್ಬರನ್ನೂ ಒಂದೇ ಕಟ್ಟಿನಲ್ಲಿ ಬಿಗಿಯುತ್ತೀರಾ? ಬಿಗಿಯಿರಿ ಎನ್ನುವವರೊಡನೆ ನನಗೆ ಇನ್ನು ವಾದವಿಲ್ಲ. ಹೆಸರು ಹೇಳಿ ಎಂದೆ, ಹೇಳಲಿಲ್ಲ. ಹೆಸರು ಹೇಳಿ! ಇಷ್ಟು ವರ್ಷ ಈ ಚಾನೆಲನ್ನು ನಿಮ್ಮ ಚಂದಾ ಹಣದಿಂದಲೇ, ಒಂದೂ ಜಾಹೀರಾತಿಲ್ಲದೆ ನಡೆಸಿದ್ದೇನೆ, ಈ ಮಾತಿಗಾಗಿ ಅರ್ಧಕ್ಕರ್ಧ ಮಂದಿ ಚಂದಾ ನಿಲ್ಲಿಸಿದರೂ ನಾನು ಇದನ್ನು ಹಿಂದೆಗೆಯುವುದಿಲ್ಲ.

ಆ ವಿಡಿಯೊ ಹಾಕಿದ ತಮ್ಮನಿಗೆ ಕೊನೆಯ ಮಾತು. ನಿನ್ನ ಹೆಸರನ್ನು ನಾನು ಇಲ್ಲಿ ಹೇಳಲಿಲ್ಲ, ಹೇಳುವುದೂ ಇಲ್ಲ. ಇಂದು ಬೆಳಗ್ಗೆಯೂ ಆ ವಿಡಿಯೊ ಅಲ್ಲೇ ಇತ್ತು. ಆಕೆ ಅರ್ಧ ಕುಡಿದ ಬೊಂಡವನ್ನು ಗಾಡಿಯ ಅಂಚಿನಲ್ಲಿಟ್ಟು, ನೂರರ ನೋಟು ಕೊಟ್ಟು, ಚಿಲ್ಲರೆಗೂ ಕಾಯದೆ ಗಂಡನ ಕೈ ಹಿಡಿದು ಬಿಸಿಲಿನಲ್ಲಿ ನಡೆದು ಹೋದರು. ಬೊಂಡದಾತ ಚಿಲ್ಲರೆ ಹಿಡಿದುಕೊಂಡು ಗೇಟಿನವರೆಗೆ ಅವರ ಹಿಂದೆ ಓಡಿದ. ಅದನ್ನು ನೀನು ತೆಗೆಯಲಿಲ್ಲ. ತೆಗೆದದ್ದನ್ನಾದರೂ ಇಂದೇ ಅಳಿಸಿ ಹಾಕು.